ರಾಜ್ಯೋತ್ಸವದ ಮರುದಿನ: ಕಣ್ಣಿಗೆ ಕಾಣುವ, ಹುಡುಕಿದರೆ ಸಿಗದ ಕನ್ನಡ

2 ನವೆಂಬರ್ 2025, ಭಾನುವಾರ
ಮಾಟುಂಗಾ, ಮುಂಬೈ

ರಾಜ್ಯೋತ್ಸವದ ಮರುದಿನ ಫೋನೆಂದರೆ ಜಾತ್ರೆ ಮುಗಿದ ಗದ್ದೆ. ಎಲ್ಲೆಲ್ಲೂ ಹಳದಿ-ಕೆಂಪು. ಮುಂಬೈ ಕನ್ನಡಿಗರ ಯಾವ ವಾಟ್ಸಾಪ್ ಗುಂಪು ತೆರೆದರೂ ಶುಭಾಶಯ, ಯಕ್ಷಗಾನದ ಕರಪತ್ರ, ವಾರ್ಷಿಕೋತ್ಸವದ ಕರೆಯೋಲೆ, ಶ್ರದ್ಧಾಂಜಲಿ, ಎಲ್ಲವೂ ಚಿತ್ರದ ರೂಪದಲ್ಲೇ ಬಂದಿವೆ. ಚಿತ್ರದೊಳಗಿನ ಕನ್ನಡವನ್ನು ಓದಬಹುದು, ಹುಡುಕಲಾಗದು. ಮೂರು ವಾರ ಬಿಟ್ಟು "ತಾಳಮದ್ದಳೆ ಎಲ್ಲಿ, ಎಷ್ಟು ಗಂಟೆಗೆ" ಎಂದು ಗುಂಪಿನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಆಗ ಯಾರೋ ಮತ್ತೆ ಕೇಳುತ್ತಾರೆ, ಇನ್ಯಾರೋ ಅದೇ ಚಿತ್ರವನ್ನು ಮತ್ತೆ ಹಾಕುತ್ತಾರೆ.

ಈ ಚಿತ್ರದ ಚಟ ಸೋಮಾರಿತನದಿಂದ ಹುಟ್ಟಿದ್ದಲ್ಲ. ಬಟನ್ ಫೋನಿನ ಕಾಲದಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ ಇಂಗ್ಲಿಷಿನಲ್ಲಾದರೆ 160 ಅಕ್ಷರ, ಕನ್ನಡದಲ್ಲಾದರೆ 70 ಮಾತ್ರ. ಆ 70ರ ಲೆಕ್ಕವೂ ನಾವು ಎಣಿಸುವ ಅಕ್ಷರದ್ದಲ್ಲ. "ಕಾರ್ಯಕ್ರಮಕ್ಕೆ ತಪ್ಪದೆ ಬನ್ನಿ" ಎಂಬುದು ಕಣ್ಣಿಗೆ ಹತ್ತೇ ಅಕ್ಷರ. ಯಂತ್ರ ಮಾತ್ರ ಕಾಗುಣಿತ, ಹಲಂತ, ಒತ್ತು, ನಡುವಿನ ಖಾಲಿ ಜಾಗ ಎಲ್ಲ ಬಿಡಿಬಿಡಿಯಾಗಿ ಎಣಿಸಿ 26 ಎನ್ನುತ್ತದೆ. ಇಂಥ ಮೂರು ವಾಕ್ಯ ಬರೆದರೆ ಎರಡು ಮೆಸೇಜಿನ ದುಡ್ಡು. ಹಾಗಾಗಿ ಊರಿಗೆ ಹೋಗುವ ಮೆಸೇಜೆಲ್ಲ ಇಂಗ್ಲಿಷ್ ಲಿಪಿಯ ಕನ್ನಡಕ್ಕೆ ಇಳಿಯಿತು. ಆ ಲಿಪಿಯಲ್ಲಿ ಬೆಲೆಗೂ ಬೆಳೆಗೂ, ಹಾಲಿಗೂ ಹಾಳಿಗೂ ವ್ಯತ್ಯಾಸವಿಲ್ಲ. ಮುಂಬೈಯಲ್ಲಿ ಹುಟ್ಟಿದ ಮಕ್ಕಳ ನಾಲಿಗೆಗೆ ಳಕಾರ ಕಷ್ಟವಲ್ಲ, ಮರಾಠಿಯಲ್ಲೂ ಅದಿದೆ. ತಪ್ಪಿದ್ದು ನಾಲಿಗೆ ಅಲ್ಲ, ಕೀಲಿಮಣೆ.

ಆಮೇಲೆ ಬಂದ ಆಂಡ್ರಾಯ್ಡ್ ಫೋನುಗಳಲ್ಲೂ ಮೊದಮೊದಲು ಕನ್ನಡದ ಜಾಗದಲ್ಲಿ ಬರೀ ಚೌಕಗಳು. 2012ರ ಜೆಲ್ಲಿ ಬೀನ್ ಆವೃತ್ತಿಯಿಂದ ಅಕ್ಷರ ಕಾಣತೊಡಗಿತಾದರೂ ಎಲ್ಲರ ಕೈಗೂ ಹೊಸ ಫೋನು ಒಮ್ಮೆಲೇ ಬರಲಿಲ್ಲವಲ್ಲ. "ನಿಮಗೆ ಕಾಣುತ್ತದೋ ಇಲ್ಲವೋ, ಫೋಟೋ ಮಾಡಿ ಕಳಿಸಿದ್ದೇನೆ" ಎಂಬ ಸೌಜನ್ಯವೇ ಅಭ್ಯಾಸವಾಯಿತು. ಕಾರಣ ಹೋಗಿ ದಶಕ ಕಳೆಯಿತು, ಅಭ್ಯಾಸ ಹೋಗಲಿಲ್ಲ.

ಹಾಗೆ ನೋಡಿದರೆ ಈ ಊರು ಹಿಂದೆ ಬಿದ್ದದ್ದೇನೂ ಅಲ್ಲ. ಆಗಿನ ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್ಸೆನ್ನೆಲ್ 1995ರ ಆಗಸ್ಟ್ 15ರಂದು ಜನರಿಗೆ ಇಂಟರ್ನೆಟ್ ಕೊಟ್ಟ ಮೊದಲ ನಗರಗಳಲ್ಲಿ ಮುಂಬೈಯೂ ಒಂದು. ಮರುವರ್ಷ ಡಿಸೆಂಬರಿನಲ್ಲಿ ಬಂದ, ಕನ್ನಡದ ಮೊದಲ ಅಂತರಜಾಲ ಪತ್ರಿಕೆ ಎಂದು ಹೆಸರಾದ 'ವಿಶ್ವಕನ್ನಡ'ವನ್ನು ಕಟ್ಟಿದವರು ಇಲ್ಲಿನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಎಂಬ ಪದ್ಧತಿಯಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿತ್ತು, ಕಂಪ್ಯೂಟರುಗಳಲ್ಲಿ ಮಾತ್ರ ಇರಲಿಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆ 'ತುಂಗಾ' ಫಾಂಟ್ ಬರುವವರೆಗೆ, ಬರೆದವರ ಬಳಿ ಇದ್ದ ಫಾಂಟೇ ಓದುವವರ ಬಳಿಯೂ ಇರಬೇಕಿತ್ತು.

ಸಂಘಗಳ ಕಪಾಟಿನಲ್ಲಿರುವ ಸಿಡಿಗಳ ಸಮಸ್ಯೆಯ ಬೇರು ಅಲ್ಲಿದೆ. ಹಳೆಯ ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ, ವರದಿಗಳೆಲ್ಲ ಹೆಚ್ಚಾಗಿ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ, 'ನುಡಿ' ಅಥವಾ 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಆ ಫೈಲಿನಲ್ಲಿರುವುದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು ಅದು, ಅಂದರೆ ಬರೀ ವೇಷ. ವೇಷ ಕಳಚಿದರೆ ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದ ಒಂದು ಪಿ, ತಲೆಯ ಮೇಲೆ ಗೀರು ಹೊತ್ತ ಎ, ಅದರ ಪಕ್ಕದಲ್ಲಿ ಬ್ರಿಟಿಷ್ ಪೌಂಡಿನ ಗುರುತು, ಹೀಗೆ ಬಿಚ್ಚಿಕೊಳ್ಳುತ್ತದೆ. ವಾಟ್ಸಾಪಿಗೆ ಅಂಟಿಸಿದಾಗ ಕಾಣುವ ಆ ವಿಚಿತ್ರ ಸಾಲುಗಳು ವೈರಸ್ ಅಲ್ಲ. ಹೆದರಿ ಅಳಿಸಬೇಡಿ.

ಇವನ್ನು ಯುನಿಕೋಡಿಗೆ ತರುವ ಪರಿವರ್ತಕ ನುಡಿಯಲ್ಲೂ ಇದೆ, ಬರಹದಲ್ಲೂ ಇದೆ. ಮೂಲ ಫೈಲನ್ನು ಮುಟ್ಟದೆ ನಕಲು ಮಾಡಿಕೊಳ್ಳಿ. ಯಾವ ಫಾಂಟು ಎಂಬುದನ್ನು ಮೊದಲು ನೋಡಿ, ಏಕೆಂದರೆ ಒಂದು ಫಾಂಟಿನ ಫೈಲನ್ನು ಇನ್ನೊಂದರದ್ದೆಂದು ಕೊಟ್ಟರೆ ಕಲಸುಮೇಲೋಗರ ಆಗಬಹುದು. ನಡುವೆ ಇರುವ ಇಂಗ್ಲಿಷ್ ಪದಗಳನ್ನು, ಅಂದರೆ ಬ್ಯಾಂಕಿನ ಹೆಸರು, ವಿಳಾಸ, ಇಮೇಲ್ ಇಂಥವನ್ನು ಮೊದಲೇ ಬೇರೆ ಹಾಳೆಗೆ ಎತ್ತಿಡಿ. ಪರಿವರ್ತಕ ಬರೀ ಅಕ್ಷರದ ಸಂಖ್ಯೆ ನೋಡುತ್ತದೆ, ಅರ್ಥ ನೋಡುವುದಿಲ್ಲ. ಹಾಗಾಗಿ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಒಂದೇ ಸಲಕ್ಕೆ ಇಡೀ ಸಂಚಿಕೆ ಹಾಕದೆ ಹತ್ತು ಹತ್ತು ಪುಟ ಮಾಡಿ, ಪ್ರತಿ ಸಲವೂ ಅರ್ಕಾವತ್ತು ಇರುವ ಪದಗಳನ್ನು ಮೊದಲು ಓದಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ರ್ ಮುಂದೆ ಬರಬೇಕು. ಎಡವುವುದು ಹೆಚ್ಚಾಗಿ ಅಲ್ಲೇ.

ಪರಿವರ್ತಕದ ತಪ್ಪಿಗಿಂತ ಕೆಟ್ಟದ್ದು ಕೈಯ ತಪ್ಪು, ಅದರಲ್ಲೂ ಸೊನ್ನೆಯದು. ಅನುಸ್ವಾರವೂ ಕನ್ನಡದ ಸೊನ್ನೆ ಅಂಕಿಯೂ ನೋಡಲು ಅವಳಿ. ಹಲವರು 'ಸಂಘ' ಎಂದು ಬರೆಯುವಾಗ ಅಂಕಿಯನ್ನು ಒತ್ತಿ 'ಸ೦ಘ' ಮಾಡುತ್ತಾರೆ. ಅಚ್ಚಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಅರ್ಕಾವತ್ತಿನ ಬದಲು ಒಂಬತ್ತರ ಅಂಕಿ ಹಾಕಿದ 'ಕನಾ೯ಟಕ'ವಂತೂ ಬ್ಯಾನರಿನಿಂದ ಹಿಡಿದು ಲೆಟರ್‌ಹೆಡ್ಡಿನವರೆಗೆ ಇದೆ. ಸೊನ್ನೆಯನ್ನು ಹುಡುಕಿ-ಬದಲಿಸಿ ಎಂದು ಕಣ್ಣುಮುಚ್ಚಿ ಒತ್ತಿದರೆ ೨೦೨೫ ಕೂಡ ಕೆಡುತ್ತದೆ. ಹಿಂದೆ ಅಕ್ಷರವಿರುವ ಸೊನ್ನೆಗಳನ್ನಷ್ಟೇ ಬದಲಿಸಬೇಕು. ಒಂಬತ್ತನ್ನು ಹೀಗೆ ಬದಲಿಸಲೂ ಬರುವುದಿಲ್ಲ, ಅದರ ಹಿಂದಿನ ಅಕ್ಷರ ದಾಟಿ ಮುಂಚೆ ರ್ ಇಡಬೇಕು. ಕೈಯಲ್ಲೇ ಮಾಡುವುದು ವಾಸಿ.

ಫ್ಲೆಕ್ಸ್ ಅಂಗಡಿಯ ವಿಷಯ ಚಿಕ್ಕದು. ಅಲ್ಲಿ ಕೂತ ಹುಡುಗ ಮರಾಠಿ ಓದುತ್ತಾನೆ, ಕನ್ನಡ ಅವನಿಗೆ ಬಳ್ಳಿಯ ಚಿತ್ರ. 'ಕನ್ನಡ' ಹೋಗಿ 'ಕನ್‌ನಡ' ಎಂದು ಮುದ್ರಣವಾದರೆ ಅವನನ್ನು ಬೈದು ಪ್ರಯೋಜನವಿಲ್ಲ. ಇನ್‌ಡಿಸೈನ್‌ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರ ಕೆಳಗೆ ಇಳಿಯುವುದೇ ಇಲ್ಲ. ಫಾಂಟ್ ಸೇರಿಸಿದ ಪಿಡಿಎಫ್ ಕೊಡಿ, ಅದರಲ್ಲಿ ಇದ್ದದ್ದು ಇದ್ದಂತೆಯೇ ಬರುತ್ತದೆ.

ಟೈಪಿಸುವ ಕೈ ಬೇರೆಬೇರೆ. ಫೋನಿನಲ್ಲಿ ಗೂಗಲಿನ ಕೀಲಿಮಣೆಯಾದ ಜಿಬೋರ್ಡಿನ ಭಾಷೆಗಳಲ್ಲಿ ಕನ್ನಡ ಸೇರಿಸಿದರೆ ಮೂರು ದಾರಿ: ನೇರ ಕನ್ನಡ ಕೀಲಿಮಣೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವುದು, ಬೆರಳಿನಲ್ಲಿ ಗೀಚುವುದು. ಹಿರಿಯರಿಗೆ ಮೂರನೆಯದೇ ಒಗ್ಗುತ್ತದೆ. ಗೂಗಲಿನ ಧ್ವನಿ ಟೈಪಿಂಗ್ 2017ರಿಂದ ಕನ್ನಡಕ್ಕೂ ಇದೆ. ಆದರೆ ಅದಕ್ಕೆ ಪುಸ್ತಕದ ಕನ್ನಡ ತಿಳಿದಷ್ಟು ಕುಂದಾಪುರದ್ದು ತಿಳಿಯದು. ತುಳುವಿನಲ್ಲಿ ಬರೆಯುವವರು, ಅಂದರೆ ಇಲ್ಲಿನ ಅರ್ಧ ಬಳಗ, ಕೀಲಿಮಣೆಯ ಸೆಟ್ಟಿಂಗಿಗೆ ಹೋಗಿ ತಾನಾಗಿ ತಿದ್ದುವುದನ್ನು ನಿಲ್ಲಿಸಿ, ಸಲಹೆಗಳನ್ನಷ್ಟೇ ಉಳಿಸಿಕೊಳ್ಳಲಿ. ಇಲ್ಲದಿದ್ದರೆ ತುಳು ಪದವೆಲ್ಲ ಕನ್ನಡದ ತಪ್ಪು ಎಂದು ತಿಳಿದು ಯಂತ್ರ ಉಪಕಾರ ಮಾಡಲು ಬರುತ್ತದೆ.

ನಿನ್ನೆ ವೇದಿಕೆಯಲ್ಲಿ ಹಾಡಿದ ಮಕ್ಕಳಲ್ಲಿ ಹಲವರ ಕೈಯ ಚೀಟಿ ಇಂಗ್ಲಿಷ್ ಲಿಪಿಯದ್ದು. ಅವರಿಗೆ ಶಾಲೆಯಲ್ಲಿ ದೇವನಾಗರಿ ಬರುತ್ತದೆ. ಹಾಗಿದ್ದ ಮೇಲೆ ಇಂಗ್ಲಿಷ್ ಲಿಪಿ ಏಕೆ? ಯುನಿಕೋಡಿನಲ್ಲಿ ಎರಡೂ ಲಿಪಿಗಳನ್ನು ಒಂದೇ ಅನುಕ್ರಮದಲ್ಲಿ ಜೋಡಿಸಿದ್ದಾರೆ. ಕನ್ನಡದ ಕ 3221ನೆಯದು, ದೇವನಾಗರಿಯ ಕ 2325ನೆಯದು. ಪ್ರತಿ ಅಕ್ಷರದಿಂದ 896 ಕಳೆದರೆ ಸಾಕು, ಹಾಡು ದೇವನಾಗರಿಗೆ ದಾಟುತ್ತದೆ. 'ಅಕ್ಷರಮುಖ' ಎಂಬ ಉಚಿತ ತಾಣದಲ್ಲಿ ಅಂಟಿಸಿದರೆ ಕ್ಷಣದ ಕೆಲಸ.

ಅಷ್ಟಾದರೂ ಮರಾಠಿ ಕಣ್ಣಿನ ಅಭ್ಯಾಸ ಬಿಡುವುದಿಲ್ಲ. ಮರಾಠಿಯಲ್ಲಿ ಪದದ ಕೊನೆಯ ಅಕಾರವನ್ನು ನುಂಗುತ್ತಾರೆ. ಅದರಿಂದ 'ಮರ' ಹೋಗಿ 'ಮರ್', 'ಕೆಲಸ' ಹೋಗಿ 'ಕೆಲಸ್' ಆಗುತ್ತದೆ, ಹಾಡಿನ ತಾಳವೇ ಒಂದು ಮಾತ್ರೆ ಕಡಿಮೆ. ಮರಾಠಿಯ ಬರವಣಿಗೆಯಲ್ಲಿ ಹ್ರಸ್ವ ಎ, ಒ ಇಲ್ಲ. ತಾಣ ಅವುಗಳಿಗೆ ಬೇರೆ ಗುರುತು ಹಾಕುತ್ತದೆ, ಮಕ್ಕಳು ಅದನ್ನು ಕಂಡಿರುವುದಿಲ್ಲ. 'ಕೊಡು' ಎಂಬುದು 'ಕೋಡು' ಆಗಿ, ಕೇಳಿದ್ದು ಒಂದು, ಸಿಕ್ಕಿದ್ದು ಕೊಂಬು. ಚಕಾರವೂ ಕೆಲವರ ಬಾಯಲ್ಲಿ ತ್ಸಕಾರವಾಗುತ್ತದೆ. ಇದಕ್ಕೆಲ್ಲ ತಂತ್ರಾಂಶ ಬೇಡ. ಚೀಟಿಯ ಜೊತೆಗೆ ಮನೆಯಲ್ಲಿ ಕನ್ನಡ ಬಲ್ಲ ಅಜ್ಜಿಯೋ ಮಾವನೋ ನಿಧಾನವಾಗಿ ಓದಿದ ಒಂದು ನಿಮಿಷದ ಧ್ವನಿ ಮೆಸೇಜ್ ಕಳಿಸಿದರೆ ಆಯಿತು.

ಗುಂಪಿನ ಅಡ್ಮಿನ್‌ಗಳಿಗೆ ಒಂದು ಮಾತು: ಚಿತ್ರ ಹಾಕಿ, ಬೇಡವೆನ್ನುವುದಿಲ್ಲ. ಅದರ ಕೆಳಗೇ ಕ್ಯಾಪ್ಷನ್ನಿನಲ್ಲಿ ಕಾರ್ಯಕ್ರಮದ ಹೆಸರು, ದಿನ, ಗಂಟೆ, ಸಭಾಗೃಹ, ಹತ್ತಿರದ ಸ್ಟೇಶನ್ನಿನ ಈಸ್ಟೋ ವೆಸ್ಟೋ, ಇಷ್ಟನ್ನು ಅಕ್ಷರದಲ್ಲಿ ಬರೆಯಿರಿ. ಬೇರೆ ಮೆಸೇಜಾಗಿ ಬರೆದರೆ ಚಿತ್ರವನ್ನು ಫಾರ್ವರ್ಡ್ ಮಾಡುವವರು ಅದನ್ನು ಬಿಟ್ಟುಹೋಗುತ್ತಾರೆ.

ಇದನ್ನು ಬರೆಯುತ್ತಿರುವಾಗಲೇ ಡಿಸೆಂಬರಿನ ಒಂದು ಆಮಂತ್ರಣ ಬಂತು. ಚಿತ್ರ. ಕೆಳಗೆ ಒಂದು ಸಾಲೂ ಇಲ್ಲ. 'ಸಂಘ'ದಲ್ಲಿರುವುದು ಅನುಸ್ವಾರವೋ ಅಂಕಿಯೋ, ಅದೂ ತಿಳಿಯುವಂತಿಲ್ಲ.