ಅಳಿವೆಯಲ್ಲಿ ಆಳ ಅಳೆಯುವ ತಲೆನೋವು

ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆಯಂಥ ಕಡೆ ಹೂಳೆತ್ತುವ ಮುಂಚೆ ಒಂದು ಸರ್ವೆ, ಮುಗಿದ ಮೇಲೆ ಇನ್ನೊಂದು. ಎರಡರ ವ್ಯತ್ಯಾಸದಷ್ಟು ಹೂಳಿಗೆ ಬಿಲ್. 1 ಕಿ.ಮೀ. ಉದ್ದ, 200 ಮೀಟರ್ ಅಗಲದ ಚಾನೆಲ್‌ನಲ್ಲಿ ಆಳ 10 ಸೆಂ.ಮೀ. ತಪ್ಪಿದರೂ 20,000 ಘನ ಮೀಟರ್ ಹೂಳಿನ ಲೆಕ್ಕ ಹಳ್ಳ ಹಿಡಿಯುತ್ತದೆ.

ತಪ್ಪು ನುಸುಳುವುದು ಹೆಚ್ಚಾಗಿ ನೀರಿನಿಂದಲೇ. ತಳಕ್ಕೆ ಶಬ್ದ ಕಳಿಸಿ ಆಳ ಅಳೆಯುವ ಎಕೋ ಸೌಂಡರ್‌ಗೆ ಗೊತ್ತಿರುವುದು ಶಬ್ದ ಹೋಗಿ ಬರುವ ಸಮಯ ಮಾತ್ರ. ವೇಗ ಎಷ್ಟೆಂದು ನಾವು ಹೇಳಬೇಕು. 28 ಡಿಗ್ರಿಯಲ್ಲಿ ಅದು ಸಿಹಿನೀರಿನಲ್ಲಿ ಸೆಕೆಂಡಿಗೆ ಸುಮಾರು 1,504 ಮೀಟರ್, ಕಡಲ ನೀರಿನಲ್ಲಿ 1,541. ಕಡಲಿನ ಅಂಕಿಯನ್ನೇ ಇಟ್ಟುಕೊಂಡು ಹೊಳೆನೀರಿನಲ್ಲಿ ಅಳೆದರೆ 10 ಮೀಟರ್ ಆಳ 10.25 ಎಂದು ಕಾಣುತ್ತದೆ. ಇಲ್ಲದ ಆಳ ನಂಬಿ ಬಂದ ಹಡಗು ತಳ ಉಜ್ಜುತ್ತದೆ. ಅದಕ್ಕೇ ಬಾರ್ ಚೆಕ್: ಮೀಟರ್ ಗುರುತಿನ ಸರಪಳಿಗೆ ಕಬ್ಬಿಣದ ತಟ್ಟೆ ಕಟ್ಟಿ, ಶಬ್ದ ಬಿಟ್ಟು ಹಿಡಿಯುವ ಟ್ರಾನ್ಸ್‌ಡ್ಯೂಸರ್ ಕೆಳಗೆ 2, 4, 6 ಮೀಟರ್‌ಗೆ ಇಳಿಸಿ, ಪರದೆಯ ಅಂಕಿ ತಾಳೆ ನೋಡಬೇಕು. ಉಬ್ಬರ ಏರಿದಂತೆ ಉಪ್ಪುನೀರು ತಳದಲ್ಲಿ ನುಗ್ಗುವುದರಿಂದ ಬೆಳಗಿನ ಚೆಕ್ ಮಧ್ಯಾಹ್ನಕ್ಕೆ ಹಳಸಿರುತ್ತದೆ. ಮತ್ತೆ ಮಾಡಲೇಬೇಕು.

ಇನ್ನು ಗಂಜಿಯಂಥ ಮೆದು ಕೆಸರು. 200 ಕಿಲೋಹರ್ಟ್ಸ್ ಶಬ್ದ ಅದರ ಮೇಲ್ಮೈಗೇ ಬಡಿದು ಮರಳುತ್ತದೆ, 33 ಕಿಲೋಹರ್ಟ್ಸ್‌ನದ್ದು ಒಳಹೊಕ್ಕು ಗಟ್ಟಿ ಪದರದಿಂದ ಬರುತ್ತದೆ. ಯಾವುದು ತಳ? ರಾಟರ್‌ಡ್ಯಾಮ್ ಬಂದರಿನವರು ಘನ ಮೀಟರಿಗೆ 1,200 ಕೆ.ಜಿ. ಸಾಂದ್ರತೆಯ ಮಟ್ಟವನ್ನು ತಳವೆಂದು ಇಟ್ಟುಕೊಂಡಿದ್ದರು. ನಮ್ಮಲ್ಲೂ ಯಾವ ಫ್ರೀಕ್ವೆನ್ಸಿ ಎಂಬುದನ್ನು ಕರಾರಿನಲ್ಲೇ ಬರೆಯದಿದ್ದರೆ ಜಗಳ ಖಾತ್ರಿ.

ಪರಿಸರದ ನಿಗಾದಲ್ಲೂ ನೀರಿನದ್ದೇ ಆಟ. ಬಗ್ಗಡ ಅಳೆಯಲು ಹೂಳೆತ್ತುವ ಹಡಗಿಗೆ (ಡ್ರೆಜರ್) ಹರಿವಿನ ಮೇಲ್ಗಡೆ ಒಂದು ಟರ್ಬಿಡಿಟಿ ಮೀಟರ್, ಕೆಳಗಡೆ ಇನ್ನೊಂದು ಇಡುತ್ತಾರೆ. ಆದರೆ ಉಬ್ಬರ ತಿರುಗಿದೊಡನೆ ಮೇಲು ಕೆಳಗಾಗುತ್ತದೆ! ಹೋಲಿಕೆಗೆಂದು ಇಟ್ಟ ಮೀಟರೇ ಬಗ್ಗಡದೊಳಗೆ ಮುಳುಗಿ 'ವ್ಯತ್ಯಾಸವಿಲ್ಲ' ಎಂದು ವರದಿ ಕೊಡುತ್ತದೆ. ಪ್ರತಿ ಓದಿನ ಪಕ್ಕ ಹರಿವಿನ ದಿಕ್ಕು ದಾಖಲಾಗಿರಬೇಕು. ಡ್ರೆಜರಿನಿಂದ ಉಕ್ಕಿ ಹೊರಬೀಳುವ ಕೆಸರುನೀರು (ಓವರ್‌ಫ್ಲೋ) ಭಾರಕ್ಕೆ ನೇರ ತಳಕ್ಕಿಳಿಯುವುದುಂಟು. ಮೇಲಿನ ನೀರಷ್ಟೇ ತುಂಬಿಕೊಂಡ ಬಾಟಲಿ ಸ್ವಚ್ಛವಾಗಿಯೇ ಕಾಣುತ್ತದೆ. ತಳದ ಹತ್ತಿರದ ನೀರನ್ನೂ ತೆಗೆದು, 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, 105 ಡಿಗ್ರಿಯಲ್ಲಿ ಒಣಗಿಸಿ ತೂಗಬೇಕು. ಮೀಟರ್ ತೋರಿಸುವ ಎನ್‌ಟಿಯು (ಬಗ್ಗಡದ ಅಳತೆ) ಲೀಟರಿಗೆ ಎಷ್ಟು ಮಿಲಿಗ್ರಾಂ ಕೆಸರು ಎಂಬುದು ಆಯಾ ಜಾಗದ ಮಣ್ಣಿನದೇ ಲೆಕ್ಕ, ಬೇರೆ ಬಂದರಿನಿಂದ ಎರವಲು ತರಲಾಗದು. ಸೆನ್ಸರಿನ ಗಾಜಿಗೆ ಪಾಚಿ ಕಟ್ಟಿದರೂ ಅಂಕಿ ದಿನೇ ದಿನೇ ಮೆಲ್ಲಗೆ ಏರುತ್ತದೆ. ಡ್ರೆಜರನ್ನು ಬೈಯುವ ಮೊದಲು ಗಾಜು ಒರೆಸಿ ನೋಡಿ.