ನನ್ನ ರಾಜದೂತ್ 350ರ ಎಡಗಡೆ ಕಾರ್ಬೊರೇಟರ್ ಮೊದಲು ಏಳುತ್ತಿತ್ತು

ಚಿಕ್ಕಪ್ಪನ ರಾಜದೂತ್ 350 ಈಗ ನನ್ನ ಹತ್ತಿರ ಇದೆ. ಯಮಾಹಾ ಆರ್‌ಡಿ 350 ಗಾಡಿಯನ್ನು ಎಸ್ಕಾರ್ಟ್ಸ್‌ನವರು 1983ರಿಂದ ಇಲ್ಲೇ ಮಾಡಿ ಮಾರಿದರಲ್ಲ, ಅದೇ. ಟೂ ಸ್ಟ್ರೋಕ್, ಎರಡು ಸಿಲಿಂಡರ್, ಒಂದೊಂದಕ್ಕೂ ಪೆಟ್ರೋಲ್-ಗಾಳಿ ಬೆರೆಸಿ ಕೊಡುವ ಒಂದೊಂದು ಕಾರ್ಬೊರೇಟರ್.

ಹೋದ ತಿಂಗಳು ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೊರಟಿದ್ದೆ. ನಾಮದ ಚಿಲುಮೆ ಹತ್ತಿರ ಬರುವಷ್ಟರಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಜೋರಾಗಿ ಎಕ್ಸಲೇಟರ್ ಕೊಟ್ಟರೆ ಚೆನ್ನಾಗಿ ಓಡುತ್ತದೆ. ತಿರುವಿನಲ್ಲಿ ಸ್ವಲ್ಪವೇ ಕೊಟ್ಟು ಹತ್ತಿಸಿದರೆ ಜಗ್ಗಿ ಜಗ್ಗಿ ಹೋಗುತ್ತದೆ.

ಎರಡು ಭಾನುವಾರ, ಗಾಡಿ ನಿಂತಾಗ ಇಂಜಿನ್ ಎಷ್ಟು ಓಡಬೇಕು ಅಂತ ಹೊಂದಿಸುವ ಐಡ್ಲಿಂಗ್ ಸ್ಕ್ರೂ ತಿರುಗಿಸುತ್ತಾ ಕೂತೆ. ಎರಡೂ ಸೈಲೆನ್ಸರ್‌ಗೆ ಕೈ ಅಡ್ಡ ಹಿಡಿದರೆ ಒಂದೇ ಥರ ಹೊಡೆತ. ಅಷ್ಟು ಚೆನ್ನಾಗಿ ಕೂತಿತ್ತು. ರೋಡಿಗೆ ಇಳಿಸಿದರೆ ಮತ್ತದೇ ಜಗ್ಗಾಟ. ಪ್ಲಗ್ ಬದಲಿಸಿದೆ, ಪಾಯಿಂಟ್ ಗ್ಯಾಪ್ ನೋಡಿದೆ. ಊಹೂಂ.

ಶಿರಾಗೇಟ್ ಕಡೆ ಹಳೇ ಗಾಡಿ ನೋಡುವ ಹಿರಿಯ ಮೆಕ್ಯಾನಿಕ್ ಒಬ್ಬರು ಇದ್ದಾರೆ. ‘ಸ್ಕ್ರೂ ಬಿಡಿ ಸಾರ್. ಸ್ಟಾರ್ಟ್‌ನಲ್ಲೇ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ’ ಅಂದರು. ಬಲಕ್ಕೆ ತಿರುಗಿಸಿದ ಕೂಡಲೇ ಇಂಜಿನ್ ತಾನೇ ರೈಸ್ ಆಯಿತು. ಅಂದರೆ ಎಕ್ಸಲೇಟರ್ ಕೇಬಲ್‌ನಲ್ಲಿ ಸಡಿಲ ಸಾಲುತ್ತಿಲ್ಲ.

ಕಾರ್ಬೊರೇಟರ್ ಒಳಗೆ ಮೇಲೆ ಕೆಳಗೆ ಸರಿದು ದಾರಿ ಬಿಡುವ ಬಾಗಿಲಿನಂಥದ್ದೇ ಸ್ಲೈಡ್. ಐಡ್ಲಿಂಗ್ ಸ್ಕ್ರೂ ಸ್ಲೈಡ್ ಎಲ್ಲಿ ಕೂರಬೇಕು ಅನ್ನುವುದನ್ನಷ್ಟೇ ನೋಡಿಕೊಳ್ಳುತ್ತದೆ. ಯಾವಾಗ ಏಳಬೇಕು ಅನ್ನುವುದು ಕೇಬಲ್ ಕೆಲಸ. ಸ್ಲೈಡ್ ಅರ್ಧ ಎದ್ದ ಮೇಲೆ ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಅಷ್ಟಾಗಿ ಗೊತ್ತಾಗಲ್ಲ. ಆಗತಾನೇ ಏಳುವಾಗ ಅದೇ ಒಂದು ಮಿಲಿಮೀಟರ್ ತುಂಬಾ ಜಾಸ್ತಿ!

ಇಂಜಿನ್ ಆಫ್ ಮಾಡಿ ಏರ್ ಫಿಲ್ಟರ್ ರಬ್ಬರ್ ಬಿಚ್ಚಿದೆವು. ಒಂದೇ ಅಳತೆಯ ಎರಡು ಡ್ರಿಲ್ ಬಿಟ್ ತಗೊಂಡು ಒಂದೊಂದು ಸ್ಲೈಡ್ ಕೆಳಗೆ ಒಂದೊಂದು ಸಿಕ್ಕಿಸಿದರು. ನಾನು ಎಕ್ಸಲೇಟರ್ ಕೂದಲೆಳೆಯಷ್ಟು ತಿರುಗಿಸಿದೆ. ಎಡಗಡೆಯದು ಮೊದಲು ಸಡಿಲವಾಯಿತು. ಬಲಗಡೆಯದು ಅಲ್ಲಾಡಲಿಲ್ಲ.

ನೋಡಿದರೆ, ಎಡಗಡೆ ಕೇಬಲ್‌ನ ಹೊರಕವಚದ ತುದಿ ಅಡ್ಜಸ್ಟರ್ ಒಳಗೆ ಕೂತೇ ಇರಲಿಲ್ಲ, ಅಂಚಿನ ಮೇಲೆ ನಿಂತಿತ್ತು. ಹೊಸ ಕೇಬಲ್ ಹಾಕಿದವನು ನಾನೇ. ಒಳಗೆ ಕೂರಿಸಿ, ಎರಡೂ ಬಿಟ್ ಒಟ್ಟಿಗೆ ಸಡಿಲವಾಗುವ ತನಕ ಅಡ್ಜಸ್ಟರ್ ತಿರುಗಿಸಿದೆವು. ಆಮೇಲೆ ಬಿಟ್ ಮರೆಯದೆ ತೆಗೀಬೇಕು, ಒಳಗೆ ಹೋದರೆ ಇಂಜಿನ್ ಕಥೆ ಮುಗೀತು.

ಇನ್ನೊಂದು ಮಾತು. ಇದರಲ್ಲಿ ಇಂಜಿನ್‌ಗೆ ಆಯಿಲ್ ಕೊಡುವ ಪಂಪಿನ ಪುಲ್ಲಿ ಕೂಡ ಎಕ್ಸಲೇಟರ್ ಜೊತೆಗೇ ತಿರುಗುತ್ತದೆ. ಕಾರ್ಬೊರೇಟರ್ ಕೇಬಲ್ ಮುಟ್ಟಿದ ಮೇಲೆ ಪಂಪಿನ ಗುರುತು ಸರಿಯಾಗಿದೆಯಾ ಅಂತ ನೋಡಲೇಬೇಕು. ಆಯಿಲ್ ಕಮ್ಮಿಯಾದರೆ ಪಿಸ್ಟನ್ ಸೀಜ್ ಆಗುತ್ತದೆ.

ನಿನ್ನೆ ಮತ್ತೆ ಬೆಟ್ಟ ಹತ್ತಿಸಿದೆ. ಎರಡನೇ ಗೇರಿನಲ್ಲಿ, ಸ್ವಲ್ಪವೇ ಎಕ್ಸಲೇಟರ್‌ನಲ್ಲಿ, ನೂಲು ಎಳೆದಂತೆ ಹೋಯಿತು. ಬರುವ ಭಾನುವಾರ ಎರಡೂ ಪ್ಲಗ್ ಬಿಚ್ಚಿ, ಎರಡೂ ಕಡೆ ಒಂದೇ ಥರ ಉರಿಯುತ್ತಿದೆಯಾ ಅಂತ ಬಣ್ಣ ನೋಡಬೇಕು.