ಬರೀ ಗಾಜು ಅಳೆದಿದ್ದೀರಾ?

ನಾನು ಮಂಗಳೂರಿನ ಹೊರವಲಯದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಕೊಣಾಜೆಯಲ್ಲಿ ಎಂಎಸ್ಸಿ, ಹೊರರಾಜ್ಯದಲ್ಲಿ ಪಿಎಚ್‌ಡಿ, ಆಮೇಲೆ ಎರಡು ವರ್ಷ ಯೂರೋಪಿನಲ್ಲಿ ಅಲೆದಾಟ, ಕೊನೆಗೆ ಊರು. ವಿಷಯ ಸ್ಪಿಂಟ್ರಾನಿಕ್ಸ್. ಮದುವೆಮನೆಯಲ್ಲಿ ಯಾರಾದರೂ ಕೇಳಿದಾಗ ಸ್ಪಿನ್ ಅಂದರೆ, "ಎಂತ ಮಾರಾಯ್ರೆ, ಕುಂಬ್ಳೆ ಹಾಕುವುದಾ?" ಅನ್ನುತ್ತಾರೆ. ನಾನೂ ನಕ್ಕು ಸುಮ್ಮನಾಗುತ್ತೇನೆ.

ವಿಷಯ ಅಷ್ಟು ಕಷ್ಟದ್ದೇನಲ್ಲ. ಎಲೆಕ್ಟ್ರಾನ್‌ಗೆ ಚಾರ್ಜ್ ಇದ್ದ ಹಾಗೆ ಸ್ಪಿನ್ನೂ ಇದೆ. ಅದರಿಂದಾಗಿ ಪ್ರತಿ ಎಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತ. ಮಾಮೂಲಿ ಚಿಪ್‌ಗೆ ಚಾರ್ಜ್ ಮಾತ್ರ ಬೇಕು, ನಮಗೆ ಸ್ಪಿನ್ನೂ ಬೇಕು. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರುನ್‌ಬರ್ಗ್ ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಒಂದೇ ವಿಷಯ ಕಂಡುಹಿಡಿದರು. ಕಬ್ಬಿಣ, ಕ್ರೋಮಿಯಂಗಳ ತೀರಾ ತೆಳು ಪದರಗಳ ಪಕ್ಕ ಅಯಸ್ಕಾಂತ ತಂದರೆ ಕರೆಂಟ್ ಹರಿಯಲು ಅಡ್ಡಿ ಕಡಿಮೆಯಾಗುತ್ತದೆ. 1997ರ ಹೊತ್ತಿಗೆ ಇದೇ ತತ್ವ ಹಾರ್ಡ್ ಡಿಸ್ಕ್ ಓದುವ ಹೆಡ್‌ಗೆ ಬಂತು. 2007ರಲ್ಲಿ ಇಬ್ಬರಿಗೂ ನೊಬೆಲ್.

ಅಂಥ ಪದರ ಮಾಡುವ ಯಂತ್ರ ನಮ್ಮಂಥ ಕಾಲೇಜಿಗೆ ಎಟುಕುವುದಿಲ್ಲ. ಹಾಗಾಗಿ ಬಡವರ ದಾರಿ ಹಿಡಿದೆ. ಝಿಂಕ್ ಆಕ್ಸೈಡ್‌ಗೆ ಸ್ವಲ್ಪ ಮ್ಯಾಂಗನೀಸ್ ಬೆರೆಸಿದರೆ ರೂಮ್ ಟೆಂಪರೇಚರ್‌ನಲ್ಲೂ ಅದು ಅಯಸ್ಕಾಂತವಾಗಬಹುದು ಎಂದು 2000ದಲ್ಲಿ ಒಂದು ಲೆಕ್ಕಾಚಾರ ಬಂದಿತ್ತು. ಅದರ ಬೆನ್ನಿಗೇ ಕೋಬಾಲ್ಟ್ ಬೆರೆಸಿದವರು ಲೆಕ್ಕವಿಲ್ಲ. ಬೇಕಾಗುವುದು ದ್ರಾವಣ, ಗಾಜಿನ ಸ್ಲೈಡ್, ಒಂದು ಫರ್ನೇಸ್, ಅಷ್ಟೇ. ಅಯಸ್ಕಾಂತ ಗುಣ ಅಳೆಯಲು ಮಾತ್ರ ದೊಡ್ಡ ಸಂಸ್ಥೆಗೆ ಸ್ಯಾಂಪಲ್ ಕಳಿಸಬೇಕು. ಸ್ಲಾಟ್ ಸಿಗಲು ಎರಡು ತಿಂಗಳು ಕಾಯಬೇಕು.

ಮೊದಲ ಬ್ಯಾಚ್ ರಿಸಲ್ಟ್ ಬಂದ ದಿನ ನನ್ನ ಪಿಎಚ್‌ಡಿ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಹಿಡಿದುಕೊಂಡು ಓಡಿ ಬಂದಳು. "ಸರ್, ಲೂಪ್!" ಗ್ರಾಫಿನಲ್ಲಿ ಎಸ್ ಆಕಾರದ ಚಂದದ ಲೂಪ್. ಅಯಸ್ಕಾಂತದ ಸಹಿ ಅದು. ಅವತ್ತು ಮಧ್ಯಾಹ್ನ ಇಡೀ ಲ್ಯಾಬಿಗೆ ನನ್ನ ಲೆಕ್ಕದಲ್ಲಿ ಮೀನೂಟ. ಎರಡೇ ವಾರದಲ್ಲಿ ಪೇಪರ್ ಬರೆದೆವು. ಪ್ರಮೋಷನ್ ಫೈಲಿನಲ್ಲಿ ಪೇಪರ್ ಲೆಕ್ಕ ಹಾಕುತ್ತಾರಲ್ಲ, ಆ ಆಸೆಯೂ ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ಕಳಿಸುವ ಮೊದಲು ನನ್ನ ಹಳೆಯ ಗೈಡ್ ಮೇಡಂಗೆ ತೋರಿಸಿದೆ. ಅವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಬರೀ ಗಾಜು ಅಳೆದಿದ್ದೀರಾ?"

ಅಳೆದಿರಲಿಲ್ಲ. ಸ್ಲಾಟ್ ಸಿಗುವುದೇ ಕಷ್ಟ, ಅದರಲ್ಲಿ ಖಾಲಿ ಗಾಜು ಯಾರು ಇಡುತ್ತಾರೆ?

ಫೋನ್ ಇಟ್ಟು ಕಾಗದದಲ್ಲಿ ಲೆಕ್ಕ ಹಾಕಿದೆ. ಅಯಸ್ಕಾಂತದ ಬಲ ಅಳೆಯುವ ಮಾನಕ್ಕೆ ಇಎಮ್‌ಯು ಅನ್ನುತ್ತಾರೆ. ನಮಗೆ ಸಿಕ್ಕ ಸಿಗ್ನಲ್ ಒಂದು ಇಎಮ್‌ಯುನ ಲಕ್ಷದಲ್ಲೊಂದು ಪಾಲು. ಕಬ್ಬಿಣ ಗ್ರಾಂಗೆ ಸುಮಾರು 218 ಇಎಮ್‌ಯು ಕೊಡುತ್ತದೆ. ಅಂದರೆ ಇಷ್ಟು ಸಿಗ್ನಲ್ ಬರಲು ಒಂದು ಗ್ರಾಂನ 2 ಕೋಟಿಯಲ್ಲೊಂದು ಪಾಲು ಕಬ್ಬಿಣ ಸಾಕು. ಘನಾಕಾರದ ಕಣ ಮಾಡಿ ನೋಡಿದರೆ ಅಗಲ ಸುಮಾರು 18 ಮೈಕ್ರಾನ್, ತಲೆಕೂದಲಿನ ದಪ್ಪದ ಕಾಲುಭಾಗ. ಕೈ ತಣ್ಣಗಾಯಿತು.

ಟೇಬಲ್ ಮೇಲೆ ನಮ್ಮ ಸ್ಟೀಲ್ ಫೋರ್ಸೆಪ್ಸ್, ಅಂದರೆ ಸಣ್ಣ ಚಿಮಟ, ಬಿದ್ದಿತ್ತು. ತುದಿ ಸವೆದಿತ್ತು. ಪ್ರತಿ ಸ್ಯಾಂಪಲನ್ನೂ ಅದರಲ್ಲೇ ಅಂಚು ಹಿಡಿದು ಎತ್ತಿದ್ದೆವು. ಕಿಟಕಿಯಾಚೆ ರಸ್ತೆ ಅಗಲ ಮಾಡುತ್ತಿದ್ದರು. ಮುರಕಲ್ಲಿನ ಕೆಂಪು ದೂಳು ಬೆಂಚಿನ ಮೇಲೆಲ್ಲ ಕೂತಿತ್ತು. ಆ ಕೆಂಪೇ ಕಬ್ಬಿಣದ ಆಕ್ಸೈಡಿನದ್ದು ಅಲ್ವಾ, ಮೊದಲನೇ ಬಿಎಸ್ಸಿ ಮಕ್ಕಳಿಗೆ ನಾನೇ ಹೇಳುವ ಮಾತು.

ಮುಂದಿನ ಸ್ಲಾಟಿಗೆ ಮೂರು ಚೂರು ಬರೀ ಗಾಜು ಕಳಿಸಿದೆವು. ಒಂದನ್ನು ಸ್ಟೀಲ್ ಫೋರ್ಸೆಪ್ಸಿನಲ್ಲಿ ಹಿಡಿದದ್ದು, ಒಂದನ್ನು ಪ್ಲಾಸ್ಟಿಕ್‌ನದ್ದರಲ್ಲಿ ಹಿಡಿದು ತಕ್ಷಣ ಮುಚ್ಚಿಟ್ಟದ್ದು, ಇನ್ನೊಂದು ಎರಡು ದಿನ ಕಿಟಕಿ ಬಳಿ ತೆರೆದಿಟ್ಟದ್ದು. ಪ್ಲಾಸ್ಟಿಕ್‌ನದ್ದು ಸೊಟ್ಟ ಇಲ್ಲದ ನೇರ ಗೆರೆ. ಸ್ಟೀಲಿನದ್ದು ಅದೇ ಎಸ್, ಅದೇ ಗಾತ್ರ. ಕಿಟಕಿಯದ್ದು ಚೂರೇ ಚೂರು ಬಾಗಿತ್ತು. ಅದು ದೂಳೇ ಎಂದು ಸಾಧಿಸಲು ನಮ್ಮ ಹತ್ತಿರ ಇನ್ನೊಂದು ಸ್ಲಾಟ್ ಇರಲಿಲ್ಲ.

ನಾಚಿಕೆ ಹೆಚ್ಚಾದದ್ದು ಆಮೇಲೆ, ಹಳೆಯ ಪೇಪರ್‌ಗಳನ್ನು ಓದುವಾಗ. 2004ರಲ್ಲಿ ಡಬ್ಲಿನ್ನಿನ ಗುಂಪೊಂದು ಹ್ಯಾಫ್ನಿಯಂ ಆಕ್ಸೈಡ್ ಅಯಸ್ಕಾಂತದಂತೆ ವರ್ತಿಸುತ್ತದೆ ಎಂದು ನೇಚರ್ ಪತ್ರಿಕೆಯಲ್ಲಿ ಬರೆದಿತ್ತು. 2005ರಲ್ಲಿ ಬೇರೆ ಗುಂಪು, ಶುದ್ಧ ಪದರದಲ್ಲಿ ಅದು ಕಾಣುವುದಿಲ್ಲ, ಆದರೆ ಸ್ಟೀಲ್ ಫೋರ್ಸೆಪ್ಸಿನಲ್ಲಿ ಹಿಡಿದರೆ ಅಂಥದ್ದೇ ಸಿಗ್ನಲ್ ಬರುತ್ತದೆ ಎಂದು ತೋರಿಸಿತ್ತು. ಇದನ್ನು ನಾನು ಪಿಎಚ್‌ಡಿಯಲ್ಲಿ ಓದಿದ್ದೆ. ಅಂಡರ್‌ಲೈನ್ ಕೂಡ ಮಾಡಿದ್ದೆ!

ವಿದ್ಯಾರ್ಥಿನಿಗೆ ಹೇಳುವುದೇ ಕಷ್ಟವಾಯಿತು. ಅವಳು ಸ್ವಲ್ಪ ಹೊತ್ತು ಗ್ರಾಫ್ ನೋಡಿ, "ಹಾಗಾದ್ರೆ ಮೀನೂಟದ ದುಡ್ಡು ವಾಪಸ್ ಕೊಡ್ಬೇಕಾ ಸರ್?" ಅಂದಳು. ಪೇಪರಿನಿಂದ ಅಯಸ್ಕಾಂತದ ಭಾಗ ಪೂರ್ತಿ ತೆಗೆದೆವು. ಬೆಳಕಿನ ಗುಣಗಳ ಭಾಗ ಮಾತ್ರ ಸಣ್ಣ ಜರ್ನಲ್‌ನಲ್ಲಿ ಬಂತು. ಅವಳ ಥೀಸಿಸ್ ಒಂದು ವರ್ಷ ತಡವಾಯಿತು. ಆ ವರ್ಷದ ಫೆಲೋಶಿಪ್ ಸಿಗಲಿಲ್ಲ, ಮನೆಯವರು ನೋಡಿಕೊಂಡರು. ತಪ್ಪು ನನ್ನದು, ಬಿಲ್ಲು ಅವಳದ್ದು.

ಈಗ ನಮ್ಮ ಸ್ಯಾಂಪಲ್ ರಿಜಿಸ್ಟರ್ ಸೊನ್ನೆಯಿಂದ ಶುರುವಾಗುತ್ತದೆ. ಸೊನ್ನೆ ಅಂದರೆ ಬರೀ ಗಾಜು. ಸ್ಟೀಲ್ ಫೋರ್ಸೆಪ್ಸನ್ನು ಅಟೆಂಡರ್ ಅಣ್ಣ ಆಫೀಸಿಗೆ ಒಯ್ದಿದ್ದಾರೆ, ಉತ್ತರ ಪತ್ರಿಕೆಗಳ ಸ್ಟೇಪ್ಲರ್ ಪಿನ್ ಕೀಳಲು.